ಖಾಲಿ ಬಸ್ಸೂ ಟೈಮಿಗೆ ಹೊರಡ್ಬೇಕು

ಹೋದ ತಿಂಗಳು ತುಮಕೂರಿಗೆ ಹೋಗೋಣ ಅಂತ ಗುಬ್ಬಿ ಸ್ಟ್ಯಾಂಡಿನಲ್ಲಿ ಪ್ರೈವೇಟ್ ಬಸ್ ಹತ್ತಿ ಕೂತೆ. ಇಂಜಿನ್ ಆನ್ ಆಗಿತ್ತು, ಬಸ್ ಮಾತ್ರ ಹೊರಡ್ಲಿಲ್ಲ. ಒಂದು ಗೇಣು ಮುಂದೆ, ಒಂದು ಗೇಣು ಹಿಂದೆ. ಕಂಡಕ್ಟರ್ ಹುಡುಗ "ಹೋಯ್ತು ಹೋಯ್ತು, ತುಮ್ಕೂರ್ ತುಮ್ಕೂರ್" ಅಂತ ಕೂಗ್ತಾನೇ ಇದ್ದ. ನನಗೆ ಮೊದಲೇ ಕೂತಲ್ಲಿ ಕೂರೋ ಬುದ್ಧಿ ಇಲ್ಲ. "ಎಲ್ಲೋ ಹೋಯ್ತು, ಇಲ್ಲೇ ಐತಲ್ಲೋ!" ಅಂತ ಬೈಯೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಕಿಟಕಿಯಿಂದ ಡೀಸೆಲ್ ಹೊಗೆ ನುಗ್ಗಿ ಮುಖಕ್ಕೆ ಬಡೀತು... ಆ ವಾಸನೆ ಮೂಗಿಗೆ ಹೋಗಿದ್ದೇ ತಡ, ಕಂಡಕ್ಟರಣ್ಣ ನೆನಪಾಗ್ಬಿಟ್ರು.

ತೊಂಬತ್ತರ ದಶಕದ ಮಾತು. ಗುಬ್ಬಿಯಲ್ಲಿ ನಮ್ಮದೊಂದು ಹಿಟ್ಟಿನ ಮಿಲ್ಲು. ಮಾವನವರ ಕಾಲದಲ್ಲಿ ಜೋರಾಗಿ ನಡೆದಿತ್ತಂತೆ. ಪಕ್ಕದ ಬೀದೀಲಿ ಹೊಸ ಮಿಲ್ಲು ಬಂದಿದ್ದೇ ಬಂದಿದ್ದು, ನಾವು ನೊಣ ಹೊಡ್ಕೊಂಡು ಕೂರೋ ಹಾಗಾಯ್ತು. ನಮ್ಮನೆಯವರು ಕೈಚೆಲ್ಲಿಬಿಟ್ರು. ಯಾರೋ ಮಿಷನ್ ಕೊಂಡ್ಕೊಳ್ತೀನಿ ಅಂದಿದ್ದ. ಯುಗಾದಿಗೆ ಅವನಿಗೆ ಕೊಟ್ಟು, ಕುಣಿಗಲ್ಲಿನಲ್ಲಿದ್ದ ಅವರಣ್ಣನ ಮನೆ ಸೇರೋದು ಅಂತ ತೀರ್ಮಾನ ಮಾಡ್ಕೊಂಡಿದ್ರು. ಅಲ್ಲಿಗೆ ಹೋದ್ರೆ ನಾನು ವಾರಗಿತ್ತಿ ಕೈಕೆಳಗೆ ಚಿಟಿಕೆ ಉಪ್ಪಿಗೂ ಕೇಳ್ಕೊಂಡು ಬದುಕಬೇಕು. ಅದನ್ನ ನೆನೆಸ್ಕೊಂಡ್ರೇ ಕೂರೋಕಾಗ್ತಿರ್ಲಿಲ್ಲ, ನಿಲ್ಲೋಕಾಗ್ತಿರ್ಲಿಲ್ಲ. ಬೆಳಗಾದ್ರೆ ಬಾಗ್ಲಿಗೂ ಬೀದಿಗೂ ಓಡಾಡ್ತಾ, ಯಾರಾದ್ರೂ ಡಬ್ಬ ಹೊತ್ಕೊಂಡು ಬರ್ತಾರಾ ಅಂತ ನೋಡೋದೇ ಕೆಲಸ.

ಕಂಡಕ್ಟರಣ್ಣ ಗುಬ್ಬಿಯಿಂದ ತುಮಕೂರು, ಗೂಳೂರು, ಹೆಬ್ಬೂರು ಮೇಲೆ ಕುಣಿಗಲ್ಲಿಗೆ ಹೋಗೋ ಪ್ರೈವೇಟ್ ಬಸ್ಸಿನಲ್ಲಿದ್ರು. ಬಸ್ಸು ಸ್ಟ್ಯಾಂಡಿನಲ್ಲಿ ನಿಂತ ಸ್ವಲ್ಪ ಹೊತ್ತಲ್ಲೇ ರಾಗಿ ಡಬ್ಬ ಹೊತ್ತು ಓಡಿ ಬರೋರು. ಕಾಕಿ ಅಂಗಿ, ಕಂಕುಳಲ್ಲಿ ಚರ್ಮದ ಬ್ಯಾಗು. ಮಾತಾಡೋವಾಗ್ಲೂ ಒಂದು ಕಾಲು ಹೊಸಿಲಿಂದ ಆಚೆಗೇ ಇರೋದು.

ಅವತ್ತು ಬಂದಾಗ ಮಿಲ್ಲಿನಲ್ಲಿ ಬೇರೆ ಯಾರೂ ಇರ್ಲಿಲ್ಲ. "ಇನ್ನಿಬ್ರು ಬರ್ಲಿ ಅಣ್ಣ, ಒಟ್ಟಿಗೇ ಮೋಟ್ರು ಹಾಕ್ತೀನಿ" ಅಂದೆ. ಎಲ್ಲಾ ಮಿಲ್ಲಲ್ಲೂ ಅದೇ ರೂಢಿ. ಒಂದು ಡಬ್ಬಕ್ಕೆಲ್ಲ ಯಾರು ಕರೆಂಟ್ ಸುಡ್ತಾರೆ?

"ಬರಲ್ಲ ಕಣಮ್ಮ."

"ಯಾಕ್ ಬರಲ್ಲ?"

"ಬಂದೋನ್ನೇ ಕಾಯ್ಸಿದ್ರೆ, ಬರ್ದೇ ಇರೋನು ಯಾಕ್ ಬಂದಾನು?" ಅಂದವರೇ ಡಬ್ಬ ಎತ್ಕೊಂಡು ಹೋಗೇಬಿಟ್ರು.

ಮೈ ಉರಿದುಹೋಯ್ತು. ಟಿಕೆಟ್ ಹರಿಯೋರು ನನಗೆ ಮಿಲ್ಲು ನಡೆಸೋದು ಹೇಳ್ಕೊಡ್ತಾರಾ ಅಂತ ಇಡೀ ದಿನ ಗೊಣಗಿದೆ. ಗೊಣಗಿದ್ದು ಯಾಕೆ ಅಂದ್ರೆ ಮಾತು ನಾಟಿತ್ತು, ಅಷ್ಟೇ. ಮಾರನೇ ದಿನ ಅವರೇ ಬಂದು ಹೊಸಿಲಲ್ಲಿ ನಿಂತು, "ಸಿಟ್ಟು ಇಳೀತಾ ತಂಗಿ? ನಾಳೆ ಬೆಳಿಗ್ಗೆ ನಮ್ ಬಸ್ಸಿಗೆ ಬಾ, ಒಂದು ತೋರಿಸ್ಬೇಕು" ಅಂದ್ರು.

ತುಮಕೂರಲ್ಲಿ ಮಿಷನ್ನಿನ ಬೆಲ್ಟ್ ತರೋದಿದೆ ಅಂತ ಮನೇಲಿ ನೆಪ ಹೇಳಿ ಹೋದೆ. ಬಸ್ಸಲ್ಲಿ ಇದ್ದಿದ್ದು ನಾನು, ಜೊತೆಗೊಬ್ಬ ತಾತ. ಪಕ್ಕದಲ್ಲಿ ಇನ್ನೊಂದು ಬಸ್ಸು ಅರ್ಧ ತುಂಬಿದ್ರೂ ಪೂರ್ತಿ ತುಂಬ್ಲಿ ಅಂತ ಗುರ್ರ್ ಅಂತಿತ್ತು. ಅಣ್ಣ ಗಡಿಯಾರ ನೋಡಿ ಸೀಟಿ ಊದೇಬಿಟ್ರು. ಖಾಲಿ ಸೀಟುಗಳನ್ನ ನೋಡಿ ನನಗೇ ಮುಜುಗರ. "ಇದೇನಣ್ಣ, ಮದುವೆ ಮುಗಿದ ಛತ್ರ ಇದ್ದಂಗಿದೆ" ಅಂದೆ. ನಗಾಡಿದ್ರು.

ಊರು ದಾಟಿದ್ದೇ ಒಂದು ಬೇಲಿ ಹತ್ರ ಮೂರ್ನಾಲ್ಕು ಜನ ನಿಂತಿದ್ರು. ಮುಂದಿನ ಹಳ್ಳಿ ಗೇಟಿನಲ್ಲಿ ಸ್ಕೂಲ್ ಮೇಡಮ್ಮು. ಮಲ್ಲಸಂದ್ರದಲ್ಲಿ ಹಾಲಿನ ಕ್ಯಾನ್ ಇಟ್ಕೊಂಡು ಗುಂಪು. ಯಾರೂ ಕೈ ತೋರಿಸ್ಲಿಲ್ಲ, ಬಸ್ಸು ನಿಲ್ಲುತ್ತೆ ಅಂತ ಗೊತ್ತಿದ್ದೋರ ಹಾಗೆ ಸೀದಾ ಹತ್ತಿದ್ರು. ಹೆಗ್ಗೆರೆ ದಾಟೋ ಹೊತ್ತಿಗೆ ನನ್ನ ತೊಡೆ ಮೇಲೆ ಯಾರದೋ ಮಗು ಕೂತಿತ್ತು.

ಅಣ್ಣ ಜನರ ಮಧ್ಯೆ ನುಸುಳ್ಕೊಂಡು ಬಂದು ಅಂದ್ರು: "ನೋಡ್ದಾ? ಜನ ಸ್ಟ್ಯಾಂಡಲ್ಲಿ ಇರಲ್ಲ, ದಾರೀಲಿ ಇರ್ತಾರೆ. ಇವ್ನು ಬಂದೇ ಬರ್ತಾನೆ ಅನ್ನೋ ನಂಬ್ಕೆ ಬಂದ್ರೆ ಸಾಕು. ಆ ನಂಬ್ಕೆ ಬರೋಗಂಟ ಖಾಲಿ ಓಡಿಸ್ಬೇಕು. ಹೊಟ್ಟೆ ಉರೀತದೆ. ಆದ್ರೂ ಓಡಿಸ್ಬೇಕು."

ನಾನು ಬೆಲ್ಟ್ ತರೋದನ್ನೇ ಮರೆತು ಮುಂದಿನ ಬಸ್ಸಿಗೆ ವಾಪಸ್ ಬಂದೆ.

ಮಾರನೇ ದಿನದಿಂದ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬಾಗ್ಲು. ಪಾವು ಗೋಧಿ ತಂದ್ರೂ ಮೋಟ್ರು ಹಾಕ್ದೆ. ನಮ್ಮನೆಯವರು ಹೌಹಾರಿದ್ರು. "ಕರೆಂಟ್ ಬಿಲ್ ನಿಮ್ಮಪ್ಪ ಕಟ್ತಾನೇನೇ?" "ಯುಗಾದಿ ತನಕ ಸುಮ್ನಿರಿ, ಆಮೇಲೆ ನೀವು ಹೇಳ್ದಂಗೇ ಕೇಳ್ತೀನಿ" ಅಂದೆ. ಆಗೆಲ್ಲ ಕರೆಂಟ್ ಬೇರೆ ಹೇಳದೇ ಕೇಳದೇ ಹೋಗೋದು. ಅದಕ್ಕೂ ಅಣ್ಣ ಒಂದು ಮಾತು ಹೇಳಿದ್ರು: "ಈಗ್ ಬರ್ತದೆ ಆಗ್ ಬರ್ತದೆ ಅಂತ ಜನ್ರನ್ನ ಕೂರಿಸ್ಬೇಡ. ಗೊತ್ತಿಲ್ಲ, ಮನೆಗೆ ಹೋಗಿ, ಬಂದಾಗ ಹೇಳಿ ಕಳಿಸ್ತೀನಿ ಅನ್ನು. ಅಂದ್ಮೇಲೆ ಹೇಳಿ ಕಳ್ಸು." ಹಂಗೇ ಮಾಡ್ದೆ. ಕರೆಂಟ್ ಬಂದ ತಕ್ಷಣ ಹಿಟ್ಟಿನ ಮುಖದಲ್ಲೇ ಬೀದಿ ಬೀದಿ ಓಡಿ, ಬನ್ರಪ್ಪಾ ಅಂತ ಕೂಗಿ ಬರ್ತಿದ್ದೆ. ಮಕ್ಕಳು ದೆವ್ವ ಬಂತು ಅಂತ ನಗೋವು.

ಶುರುವಿನಲ್ಲಿ ಏನೂ ಆಗ್ಲಿಲ್ಲ. ಮಿಷನ್ ಕೊಳ್ಳೋನು ಒಂದ್ಸಲ ಬಂದು ಬೀಸೋ ಕಲ್ಲು ಮುಟ್ಟಿ ನೋಡ್ಕೊಂಡೂ ಹೋದ. ಅವತ್ತು ಕಂಡಕ್ಟರಣ್ಣನ ಮೇಲೆ ರೇಗಿಬಿಟ್ಟೆ. "ನಿಮ್ಮ ಮಾತು ಕೇಳಿ ಇದ್ದಿದ್ದೂ ಹೋಗುತ್ತೆ" ಅಂದೆ. "ಇನ್ನೊಂದ್ ಟ್ರಿಪ್ ತಡಿ ತಂಗಿ" ಅಂದು, ಹಿಟ್ಟಿನ ಡಬ್ಬ ತಗೊಂಡು ಓಡಿದ್ರು.

ಯುಗಾದಿ ಇನ್ನೇನು ಬಂತು ಅನ್ನೋವಾಗ ಹೊಸ ಮಿಲ್ಲಿನ ಪಕ್ಕದ ಮನೆಯಾಕೆಯೇ ಡಬ್ಬ ತಂದ್ಲು. "ಅಲ್ಲಿ ಕೂರಿಸ್ತಾರೆ ಕಣಕ್ಕ, ನೀನು ನಿಂತ ಕಾಲಲ್ಲೇ ಮಾಡ್ಕೊಡ್ತೀಯಂತೆ" ಅಂದ್ಲು. ಆಮೇಲೆ ಅವಳ ನಾದಿನಿ, ಆ ನಾದಿನಿ ವಾರಗಿತ್ತಿ... ಹಬ್ಬದ ಹಿಂದಿನ ದಿನ ಕಡ್ಲೆಬೇಳೆ, ಗೋಧಿ ಡಬ್ಬಗಳ ಸಾಲು ಬೀದಿಗೆ ಬಂತು. ಮಿಷನ್ ಕೊಳ್ಳೋನು ಬಂದಾಗ ನಮ್ಮನೆಯವರು ತಲೆ ಎತ್ತದೆ, "ಈಗ ಪುರುಸೊತ್ತಿಲ್ಲ, ಹೋಗಯ್ಯ" ಅಂದ್ರು. ನನಗೆ ಕೂಗಿ ಕುಣಿಯೋಷ್ಟು ಖುಷಿ.

ನಮ್ಮ ಮಿಲ್ಲು ಉಳೀತು. ಅಣ್ಣನ ಬಸ್ಸು ಉಳೀಲಿಲ್ಲ. ಎರಡು ಸಾವಿರದ ಇಸ್ವಿ ಆಚೆಗೆ ಓನರ್ರು ಬಸ್ಸನ್ನ ಬೇರೆಯವರಿಗೆ ಮಾರಿದ್ರು. ಹೊಸಬರು ಫುಲ್ ಆಗೋ ತನಕ ಬಿಡಬೇಡ ಅಂದ್ರಂತೆ. ಅಣ್ಣ ಜಗಳ ಆಡಿ ಬ್ಯಾಗು ಕೊಟ್ಟು ಬಂದಿದ್ರು. "ದಾರೀಲಿ ನಿಂತಿರೋರ ಮುಖ ಹೆಂಗೆ ನೋಡ್ಲಿ ತಂಗಿ?" ಅಂತ ಒಂದೇ ಮಾತು. ಮುಂದೇನು ಅಂದಿದ್ದಕ್ಕೆ, "ನೋಡಣ ಬುಡು, ಅಮೃತೂರಲ್ಲಿ ನಮ್ಮಕ್ಕ ಅವ್ಳೆ" ಅಂದ್ರು. ಅಲ್ಲಿಂದ ಮುಂದೆ ಸುದ್ದಿ ಇಲ್ಲ. ಒಂದ್ಸಲ ಹೋಗಿ ಬರೋಣ ಅಂತ ಎಷ್ಟು ಸಲ ಅಂದ್ಕೊಂಡೆನೋ...

ಹೋದ ತಿಂಗಳು ತುಮಕೂರಿಂದ ವಾಪಸ್ ಬಂದಿಳಿದಾಗ, ಸ್ಟ್ಯಾಂಡಿನ ಹಳೇ ಏಜೆಂಟನ್ನ ಕಂಡಕ್ಟರಣ್ಣನ ಬಗ್ಗೆ ವಿಚಾರಿಸ್ದೆ. "ಅಯ್ಯೋ, ಗೊತ್ತಿಲ್ವೇನಮ್ಮ? ತೀರ್ಕೊಂಡು ವರ್ಷದ ಮೇಲಾಯ್ತು" ಅಂದ್ರು. ಮನೆಗೆ ಹೆಂಗೆ ಬಂದೆನೋ ಗೊತ್ತಿಲ್ಲ. ಸ್ವಂತ ಅಣ್ಣ ಸತ್ತಾಗ್ಲೂ ಅಷ್ಟು ಅತ್ತಿರ್ಲಿಲ್ಲ.

ಬೆಳಿಗ್ಗೆ ನಮ್ಮನೆಯವರು, "ಇವತ್ತೊಂದಿನ ಮಿಲ್ಲು ಬಾಗ್ಲು ಹಾಕಣ ಬುಡೇ" ಅಂದ್ರು. ಬೇಡ ಅಂದೆ. ಬಾಗ್ಲು ತೆಗೆದು ಒಳಗೆ ಕೂತಿದ್ದೇ ಮತ್ತೆ ದುಃಖ ಒತ್ತರಿಸ್ಕೊಂಡು ಬಂತು. ಅಷ್ಟರಲ್ಲಿ ಹಿಂದಿನ ಬೀದಿ ಹುಡುಗಿ, ಹೊಸದಾಗಿ ಮದುವೆಯಾಗಿ ಬಂದೋಳು, ಪುಟ್ಟ ಡಬ್ಬ ಹಿಡ್ಕೊಂಡು ಏದುಸಿರು ಬಿಡ್ತಾ ಬಂದ್ಲು.

"ಅಕ್ಕ, ಹಿಟ್ಟು ನೋಡ್ಕೊಳ್ದೇ ಮುದ್ದೆಗೆ ಎಸರಿಟ್ಬಿಟ್ಟೆ. ಒಲೆ ಮೇಲೆ ಕುದೀತಾ ಐತೆ..." ಅಂದೋಳು ನನ್ನ ಮುಖ ನೋಡಿ ನಿಂತ್ಬಿಟ್ಲು. "ಆಮೇಲ್ ಬರ್ಲಾ ಅಕ್ಕ?"

"ಯಾಕೆ ಆಮೇಲೆ? ಕೊಡಿಲ್ಲಿ" ಅಂತ ಡಬ್ಬ ಇಸ್ಕೊಂಡು ಮೋಟ್ರು ಹಾಕ್ದೆ. ಕಣ್ಣು ಅವಳು ಹೋದ್ಮೇಲೆ ಒರೆಸ್ಕೊಂಡೆ.