ಮೇಘಾ ಆಡದ ಮಾತು

ರೇಣು, ಆ ಮಾತನ್ನು ಮೇಘಾ ಹೇಳಿರಲಿಲ್ಲ. ನಾನು ಹುಟ್ಟಿಸಿದ್ದು. ಮಾದಾಪುರದ ನಮ್ಮ ಮನೆಯ ಬಾಗಿಲಲ್ಲಿ ಹೂವಿನ ಬುಟ್ಟಿ ಹಿಡಿದು ನಿಂತಿದ್ದ ನಿನಗೆ, ನನ್ನ ಮಗಳ ಹೆಸರಿನಲ್ಲಿ ನಾನೇ ಸುಳ್ಳು ಹೇಳಿದೆ. ಇಷ್ಟು ವರ್ಷ ನೀನು ಅವಳನ್ನು ದೂರಿದ್ದರೆ — ದೂರಿಯೇ ಇರುತ್ತೀ — ಆ ದೂರು ನನಗೆ ಸೇರಬೇಕಾದದ್ದು.

ನೀನು ಅದನ್ನು ಮರೆತಿರಲಿ ಎಂದು ಎಷ್ಟೋ ಸಲ ಆಸೆಪಟ್ಟಿದ್ದೇನೆ. ಆದರೆ ಅಲ್ಲಿಯತನಕ ‘ಮೌಶಿ, ಮೌಶಿ’ ಎಂದು ನನ್ನ ಸೆರಗು ಹಿಡಿದು ಜಗ್ಗುತ್ತಿದ್ದವಳು, ಮುಂದಿನ ಸಲ ಸಿಕ್ಕಾಗ ‘ನಮಸ್ಕಾರ ಆಂಟಿ’ ಎಂದೆ. ಅಷ್ಟು ಸಾಕಾಗಿತ್ತು ನನಗೆ ತಿಳಿಯಲು.

ತೆಲುಗು, ಹಿಂದಿಗಳ ಈ ದೊಡ್ಡ ಊರಿನಲ್ಲಿ, ಮೆಹದಿಪಟ್ಟಣಂನ ಆ ಓಣಿಯಲ್ಲಿ ಕನ್ನಡ ಮಾತಾಡುವವರು ನಾವು ಎರಡೇ ಮನೆಯವರು. ನಿನ್ನ ಅವ್ವ ಕಸ್ತೂರಿ ಕಲಬುರಗಿಯವಳು, ನಾನು ಬೀದರಿನವಳು. ನಡುವೆ ಒಂದೇ ಗೋಡೆ. ನಿನ್ನ ಅಪ್ಪನದು ಅಬಿಡ್ಸ್‌ನಲ್ಲಿ ಹಳೆ ಪುಸ್ತಕದ ಅಂಗಡಿ, ನಮ್ಮವರು ಆಗಷ್ಟೇ ಕಂಪ್ಯೂಟರ್ ಕಂಪನಿ ಸೇರಿದ್ದರು. ದಸರಾ ರಜೆ ಬಂತೆಂದರೆ ನೀವಿಬ್ಬರೂ ಯಾರ ಮನೆಯಲ್ಲಿ ಉಂಡಿರಿ, ಎಲ್ಲಿ ಮಲಗಿದಿರಿ ಎಂದು ನಾವು ಕೇಳುತ್ತಲೇ ಇರಲಿಲ್ಲ. ಎದುರುಮನೆಯ ತೆಲುಗು ಅಜ್ಜಿಯಿಂದ ಅವರ ದಸರೆಯ ಹೂಗೋಪುರ, ಬತುಕಮ್ಮ ಕಟ್ಟುವುದನ್ನು ಕಲಿತದ್ದೂ ನೀವೇ. ಪರಾತದ ಅಗಲ ತಟ್ಟೆಯಲ್ಲಿ ಸುತ್ತು ಸುತ್ತಾಗಿ ಹೂ ಏರಿಸುತ್ತಾ ಕೂತರೆ ಊಟಕ್ಕೂ ಏಳುತ್ತಿರಲಿಲ್ಲ. ಎರಡು ಮನೆಗೂ ಸೇರಿ ಒಂದೇ ಬತುಕಮ್ಮ. ತಳದ ಸುತ್ತು ನಿನ್ನದು, ತುದಿ ಮೇಘಾಳದು. ಒಮ್ಮೆ ಕೂದಲು ಹಿಡಿದು ಜಗಳಾಡಿ ಆ ಪಾಲು ಮಾಡಿಕೊಂಡಿದ್ದಿರಿ.

ಹಳದಿ ತಂಗಡಿ ಹೂ ಬೇಕೆಂದು ನಾನೂ ಕಸ್ತೂರಿಯೂ ನಿಮ್ಮನ್ನು ಬಸ್ಸಿನಲ್ಲಿ ಇದೇ ಮಾದಾಪುರಕ್ಕೆ ಕರೆತರುತ್ತಿದ್ದೆವು. ಆಗ ಇಲ್ಲಿ ಬಂಡೆಗಲ್ಲು, ಪೊದೆ, ದೂರದಲ್ಲಿ ಒಂದೆರಡು ಕ್ರೇನು. ಬಂಡೆಯ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿದರೆ ನಿನ್ನ ಅವ್ವನ ಶೇಂಗಾ ಹೋಳಿಗೆ ನಮ್ಮ ಪಾಲಿಗೆ, ನನ್ನ ಚಪಾತಿ ನಿಮ್ಮ ಪಾಲಿಗೆ. ನೋಡನೋಡುತ್ತ ಪೊದೆ ಹೋಗಿ ಗಾಜಿನ ಕಟ್ಟಡಗಳು ಬಂದವು. ನಮ್ಮವರ ಸಂಬಳ ಏರಿತು. ಅವುಗಳ ನಡುವೆಯೇ ನಾವೊಂದು ಫ್ಲ್ಯಾಟ್ ಕೊಂಡು ಬಂದೆವು.

ಬಂದ ಮೊದಲ ದಸರಾ. ಬತುಕಮ್ಮನ ಕೊನೆಯ ದಿನ, ದೊಡ್ಡ ಬತುಕಮ್ಮನ ದಿನ. ಮೇಘಾ ಕೋಚಿಂಗ್ ಕ್ಲಾಸಿಗೆ ಹೋಗಿದ್ದಳು, ಮಧ್ಯಾಹ್ನಕ್ಕೆ ಬರುವವಳು. ನಾನು ಅಪಾರ್ಟ್‌ಮೆಂಟಿನ ಹೆಂಗಸರನ್ನು ಮೊದಲ ಸಲ ಚಹಾಕ್ಕೆ ಕರೆದಿದ್ದೆ — ಎಲ್ಲರ ಗಂಡಂದಿರೂ ಮ್ಯಾನೇಜರುಗಳು, ಎಲ್ಲರ ಮಾತೂ ಇಂಗ್ಲಿಷು, ನನಗೋ ಬಾಯಿ ತೆರೆದರೆ ಎಲ್ಲಿ ಬೀದರು ಹೊರಬೀಳುತ್ತದೋ ಎಂಬ ಭಯ. ಆಗ ಬೆಲ್ ಆಯಿತು. ನೀನು. ಎಣ್ಣೆ ಹಚ್ಚಿದ ಎರಡು ಜಡೆ, ಮೇಘಾ ತೊಟ್ಟು ಬಿಟ್ಟಿದ್ದ ಲಂಗ, ಬುಟ್ಟಿ ತುಂಬ ಬಣ್ಣದಲ್ಲಿ ಅದ್ದಿದ ಗುನುಗು ಹೂ. ಮೊಣಕೈತನಕ ಗುಲಾಬಿ ಬಣ್ಣ ಇಳಿದಿತ್ತು ನಿನಗೆ.

ನನ್ನ ತಲೆಗೆ ಮೊದಲು ಬಂದದ್ದು ಹೊಸ ಸೋಫಾ. ಇದನ್ನೂ ಹೇಳಿಯೇ ಬಿಡುತ್ತೇನೆ. ಆಮೇಲೆ ಒಳಗಿನಿಂದ ಯಾರೋ “ಕೆಲಸದವಳಾ?” ಎಂದು ಹಿಂದಿಯಲ್ಲಿ ಕೇಳಿದರು. ಅಲ್ಲ, ನನ್ನ ಗೆಳತಿಯ ಮಗಳು ಎನ್ನಲು ಎಷ್ಟು ಹೊತ್ತು ಬೇಕಾಗಿತ್ತು? ಅನ್ನಲಿಲ್ಲ. ಬಾಗಿಲನ್ನು ಅರ್ಧ ಎಳೆದುಕೊಂಡು ಹೊರಗೆ ಬಂದು ನಿನಗೆ ಹೇಳಿದೆ —

“ರೇಣು, ಮೇಘಾನ ಹೇಳ್ಯಾಳವ್ವಾ, ನೀ ಇನ್ನ ಬರೂದು ಬ್ಯಾಡಂತ. ಆಕಿಗೆ ಈಗ ಬ್ಯಾರೆ ಗೆಳತ್ಯಾರದಾರ.”

ನೀನು ಅಳಲಿಲ್ಲ. “ಹೌದ್ರೀ ಮೌಶಿ?” ಎಂದೆ. ಅಷ್ಟೇ. ಬುಟ್ಟಿಯನ್ನು ಅಲ್ಲಿಯೇ ಚಪ್ಪಲಿಗಳ ಪಕ್ಕ ಇಟ್ಟು ಮೆಟ್ಟಿಲಿಳಿದೆ. ನಿನ್ನ ಅಪ್ಪ ಗೇಟಿನ ಹತ್ತಿರ ಬಿಟ್ಟು ಅಂಗಡಿಗೆ ಹೋಗಿಬಿಟ್ಟಿದ್ದರೆಂದು ನನಗೆ ಗೊತ್ತಿತ್ತು. ಒಬ್ಬಳೇ ಮನೆಗೆ ಹೇಗೆ ಹೋಗುತ್ತೀ ಎಂದು ಕೇಳಲಿಲ್ಲ. ನಾನು ಒಳಗೆ ಹೋಗಿ ಚಹಾ ಬಗ್ಗಿಸಿದೆ.

ಒಂದು ಸುಳ್ಳಿಗೆ ಇನ್ನೊಂದು ಬೇಕಲ್ಲ. ಮೇಘಾ ಬಂದವಳೇ ನೀನು ತರುವೆನೆಂದಿದ್ದ ಹೂ ಎಲ್ಲಿ ಎಂದಳು. ಅವಳು ಬರುವ ಮೊದಲೇ ನಾನು ಬುಟ್ಟಿಯನ್ನು ಕೆಳಗಿನ ಕಸದ ತೊಟ್ಟಿಗೆ ಹಾಕಿಸಿದ್ದೆ. ರೇಣು ಅಲ್ಲೇ ತನ್ನ ಗೆಳತಿಯರ ಜೊತೆ ಮಾಡುತ್ತಾಳಂತೆ, ಫೋನ್ ಮಾಡಿದ್ದಳು ಎಂದೆ. ಅವಳು ನಿಮ್ಮ ಮನೆಗೆ ಫೋನ್ ಹಚ್ಚಿದಳು, ನೀನು ಮಾತಾಡಲು ಬರಲಿಲ್ಲ. ಇಬ್ಬರೂ ಹಟಮಾರಿಗಳು, ಅದು ನನಗೆ ಚೆನ್ನಾಗಿ ಗೊತ್ತಿತ್ತು — ಗೊತ್ತಿದ್ದೇ, ಬಹುಶಃ...

ಮೇಘಾಳ ಓದಿಗೆ ತೊಂದರೆಯಾದೀತೆಂದು ಹಾಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳೇ. ನನಗೆ ನಿನ್ನ ವಿಷಯದಲ್ಲಿ ನಾಚಿಕೆಯಾಗಿತ್ತು. ನನ್ನ ಮನೆಯಲ್ಲಿ ಬೆಳೆದ ಹುಡುಗಿಯ ವಿಷಯದಲ್ಲಿ.

ನೀನು ಅವ್ವನಿಗೆ ಹೇಳಲಿಲ್ಲ. ಹೇಳಿದ್ದರೆ ಕಸ್ತೂರಿ ಮರುದಿನವೇ ಬಂದು ನನ್ನ ನೀರಿಳಿಸುತ್ತಿದ್ದಳು. ವಿಜಯದಶಮಿಗೆ ಅವಳು ಎಂದಿನಂತೆ ಬನ್ನಿ ಎಲೆ ಹಿಡಿದು ಬಂದಳು. “ಬನ್ನಿ ತಗೊಂಡು ಬಂಗಾರದಂಗ ಇರೂಣು” ಎಂದು ನನ್ನ ಕೈಗಿಟ್ಟಳು. ನಿನಗೆ ಜ್ವರವೆಂದಳು. ಅಂದಿನಿಂದ ಪ್ರತಿ ದಸರೆಗೂ ಅವಳು ಬಂದಿದ್ದಾಳೆ. ನನ್ನ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ಮಗ್ಗುಲಲ್ಲೇ ಮಲಗಿದ್ದಾಳೆ. ನಮ್ಮ ಗೆಳೆತನ ಎಂಥದ್ದು ಎಂದು ಜನ ಹೊಗಳುವಾಗ ನಾನು ಸುಮ್ಮನೆ ನಗುತ್ತೇನೆ. ಅದು ಉಳಿದದ್ದು ನೀನು ಬಾಯಿ ಬಿಡದ್ದರಿಂದ.

ಈ ಸಲ ಮೇಘಾ ಪುಣೆಯಿಂದ ಮಗಳನ್ನು ಕರೆದುಕೊಂಡು ಬಂದಿದ್ದಳು. ಬತುಕಮ್ಮನ ದಿನಗಳು ಮುಗಿದಿದ್ದರೂ ದಸರೆಯ ದಿನ ಮಾರ್ಕೆಟ್ಟಿನಿಂದ ತಂದ ಹೂವಿನಲ್ಲಿ ಮಗುವಿಗೆ ಬತುಕಮ್ಮ ಕಟ್ಟುವುದನ್ನು ಕಲಿಸುತ್ತಾ ಕೂತಿದ್ದಳು. ತಳದ ಸುತ್ತು ಮತ್ತೆ ಮತ್ತೆ ಜಾರುತ್ತಿತ್ತು. “ಇದು ನನಗ ಬರಂಗಿಲ್ಲ,” ಎಂದಳು, “ಇದನ್ನ ಮಾಡಾಕಿ ಒಬ್ಬಾಕಿ ಇದ್ಲು.” ಅಷ್ಟರಲ್ಲಿ ಕಸ್ತೂರಿ ಬನ್ನಿ ತೆಗೆದುಕೊಂಡು ಒಳಗೆ ಬಂದಳು. ನೀನು ಈಗ ಇದೇ ಮಾದಾಪುರದಲ್ಲಿ ಕೆಲಸಕ್ಕಿದ್ದೀ, ದಿನಾ ಮೆಟ್ರೋದಲ್ಲಿ ಬಂದುಹೋಗುತ್ತೀ ಎಂದಳು. ಆಮೇಲೆ ಮೇಘಾಳ ತಲೆ ನೇವರಿಸಿ ಹೇಳಿದಳು —

“ನಮ್ಮ ರೇಣೂದ ಸಿಟ್ಟು ಭಾಳ ನೋಡವ್ವಾ. ಏನಂದಿದ್ಲೋ ಏನೋ ನಿನಗ. ಆಕಿ ಪರವಾಗಿ ನಾ ಮಾಫಿ ಕೇಳ್ತೀನಿ.”

ನನ್ನ ಕಣ್ಣೆದುರಿಗೆ ಕೇಳಿದಳು, ರೇಣು. ನಾನು ಬನ್ನಿಯನ್ನು ದೇವರ ಮುಂದಿಟ್ಟು ಅವಳಿಗೆ ಚಹಾ ಬಗ್ಗಿಸಿದೆ.

ಅವಳು ಹೋದ ಮೇಲೆ ಮೇಘಾಳಿಗೆ ಎಲ್ಲವನ್ನೂ ಹೇಳಿದೆ. ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಹೂವಿನ ಪರಾತವನ್ನು ಪಕ್ಕಕ್ಕೆ ಸರಿಸಿ ಇಷ್ಟೇ ಅಂದಳು: “ಅವತ್ತ ಸಂಜಿತನಾ ಬಾಲ್ಕನ್ಯಾಗ ನಿಂತಿದ್ದೆ ಅಮ್ಮಾ, ಬರ್ತಾಳೇನೋ ಅಂತ. ನೀ ನೋಡಿದ್ದಿ.”

ನೋಡಿದ್ದೆ.

ನಿನ್ನ ನಂಬರ್ ಅವಳಿಗೆ ಕೊಟ್ಟಿದ್ದೇನೆ. ಮಾಡುತ್ತಾಳೋ ಇಲ್ಲವೋ, ನೀನು ಎತ್ತುತ್ತೀಯೋ ಇಲ್ಲವೋ — ಅದನ್ನು ಕೇಳುವ ಹಕ್ಕು ನನಗಿಲ್ಲ. ನನ್ನ ಪಾಲಿನ ಕೆಲಸ ಬೇರೆ ಇದೆ. ನಾಳೆ ಬೆಳಿಗ್ಗೆ ಮೆಹದಿಪಟ್ಟಣಂಗೆ ಹೋಗಿ ನಿನ್ನ ಅವ್ವನೆದುರು ಕೂತು ಇದಿಷ್ಟನ್ನೂ ಹೇಳಬೇಕು. ಇಷ್ಟು ವಯಸ್ಸಿನಲ್ಲಿ ಅವಳನ್ನೂ ಕಳೆದುಕೊಂಡರೆ ಈ ಊರಿನಲ್ಲಿ ನನಗೆ ಇನ್ನೊಬ್ಬರಿಲ್ಲ. ಆದರೂ ಹೇಳಬೇಕು.

ಬನ್ನಿ ಒಯ್ಯುವುದಿಲ್ಲ. ಹಳೆ ಮುನಿಸು ಮರೆಸುವ ಆ ಎಲೆ ಕೈಯಲ್ಲಿ ಕಂಡರೆ ಕಸ್ತೂರಿ ನಾನು ಹೇಳುವುದನ್ನು ಕೇಳುವ ಮೊದಲೇ ಕ್ಷಮಿಸಿಬಿಡುತ್ತಾಳೆ. ಅವಳು ಮೊದಲು ಕೇಳಲಿ.