ಎಲ್ಲರ ಮುಂದೆ ಮಾಡಿದ ಪ್ರಾರ್ಥನೆ

ಇದು ನಡೆದು ಮೂರು ವರ್ಷವಾಯಿತು. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು. ನಾನು ಗುಂಡ್ಲುಪೇಟೆಯಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದು ನಿವೃತ್ತಳಾದವಳು. ನಮ್ಮ ಚರ್ಚಿನ ಹೆಂಗಸರು ಪ್ರತಿ ಬುಧವಾರ ಮಧ್ಯಾಹ್ನ ಒಬ್ಬೊಬ್ಬರ ಮನೆಯಲ್ಲಿ ಸೇರಿ ಪ್ರಾರ್ಥನೆ ಮಾಡುತ್ತೇವೆ. ಅದನ್ನು ನಡೆಸುವವಳು ನಾನೇ. ಮೂವತ್ತು ವರ್ಷ ಮಕ್ಕಳ ಮುಂದೆ ಕೂಗಿದ ಗಂಟಲು, ಪ್ರಾರ್ಥನೆಗೆ ನಿಂತರೆ ಬೀದಿಯ ಆ ತುದಿಗೂ ಕೇಳಿಸುತ್ತದೆ. ಅದು ನನಗೆ ಹೆಮ್ಮೆಯ ವಿಷಯವೇ ಆಗಿತ್ತು.

ಆ ದಿನಗಳ ಒಂದು ಭಾನುವಾರ ನಮ್ಮ ಪಾಸ್ಟರ್, "ನಿಮ್ಮ ಜೊತೆಯ ವಿಶ್ವಾಸಿಗಳ ಹತ್ತಿರ ಹೋಗಿ, ನನ್ನಲ್ಲಿ ತಿದ್ದಿಕೊಳ್ಳಬೇಕಾದ್ದು ಏನಿದೆ ಅಂತ ಕೇಳಿ. ಅವರು ಹೇಳಿದ ಮೇಲೆ ವಾದ ಮಾಡಬೇಡಿ" ಎಂದಿದ್ದರು. ಬುಧವಾರದ ಕೂಟ ನಮ್ಮ ಮನೆಯಲ್ಲೇ ಇತ್ತು. ಪ್ರಾರ್ಥನೆ ಮುಗಿದ ಮೇಲೆ ಎಲ್ಲರನ್ನೂ ಕೇಳಿಯೇಬಿಟ್ಟೆ. ನಿಜ ಹೇಳುತ್ತೇನೆ, ತಿದ್ದಿಕೊಳ್ಳುವ ಆಸೆಗಿಂತ ಹೊಗಳಿಸಿಕೊಳ್ಳುವ ಆಸೆಯೇ ಹೆಚ್ಚಿತ್ತು. "ನೀವು ಪ್ರಾರ್ಥನೆ ಮಾಡಿದ್ರೆ ಕಣ್ಣಲ್ಲಿ ನೀರು ಬತ್ತದೆ ಟೀಚರಮ್ಮ" ಎಂದರು ಒಬ್ಬರು. ಉಳಿದವರು ತಲೆಯಾಡಿಸಿದರು. ಟೀ ಕುಡಿದು ಹೊರಟರು.

ಕರುಣಮ್ಮ ಮಾತ್ರ ಹೋಗಲಿಲ್ಲ. ಚೆಂಡುಹೂವಿನ ಹೊಲಗಳಲ್ಲಿ ಕೂಲಿ ಮಾಡುವ ಹೆಂಗಸು, ಕೂಟದಲ್ಲಿ ಮಾತಾಡುವುದೇ ಅಪರೂಪ. ಬೇಡವೆಂದರೂ ಕೇಳದೆ ಲೋಟಗಳನ್ನೆಲ್ಲ ತೊಳೆದಿಟ್ಟಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಒಂದ್ ಮಾತು ಏಳ್ತೀನಿ, ಕ್ವಾಪ ಮಾಡ್ಕಬ್ಯಾಡಿ" ಎಂದಳು.

"ಹೇಳು ಕರುಣಮ್ಮ, ಅದಕ್ಕೇ ತಾನೇ ನಾನು ಕೇಳಿದ್ದು."

"ನನ್ ಮಗಳ ಇಸ್ಯ ನಿಮ್ಗೊಬ್ರಿಗೇ ಏಳಿದ್ದೆ. ನೀವು ಅದ ಎಲ್ಲರ ಮುಂದೆ ಪ್ರಾರ್ಥನೆ ಮಾಡ್ಬುಟ್ರಿ."

ಅವಳ ಮಗಳು ಎಸ್ತರ್‌ಳನ್ನು ಚಾಮರಾಜನಗರಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಕುಡಿದು ಹೊಡೆಯುತ್ತಾನೆಂದು ತೌರಿಗೆ ಬಂದಿದ್ದಳು. ಕೇಳಿದವರಿಗೆಲ್ಲ ಮೈ ಹುಷಾರಿರಲಿಲ್ಲ ಎಂದು ಹೇಳಿಕೊಂಡು, ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೂ ಸೇರಿದ್ದಳು. ನಿಜ ಸಂಗತಿಯನ್ನು ಕರುಣಮ್ಮ ನನಗೆ ಹೇಳಿದ್ದು ಆ ಬುಧವಾರಕ್ಕೆ ಎರಡು ತಿಂಗಳ ಹಿಂದೆ. ಆ ವಾರವೇ ನಾನು ಕೂಟದಲ್ಲಿ ಕಣ್ಣು ಮುಚ್ಚಿ, ಕೈ ಎತ್ತಿ, "ಕರ್ತನೇ, ಎಸ್ತರ್‌ಳನ್ನು ಹೊಡೆಯುವ ಆ ಗಂಡನ ಮನಸ್ಸನ್ನು ತಿರುಗಿಸು" ಎಂದು ಬೇಡಿದ್ದೆ. ಸುತ್ತ ಕೂತವರೆಲ್ಲ ಆಮೆನ್ ಎಂದಿದ್ದರು.

"ವಾರದೊಳಗೆ ಅಂಗ್ಡಿಗೆ ಬಂದೋರೆಲ್ಲ ಕೇಳಕ್ಕೆ ಸುರು ಮಾಡುದ್ರು, ಯಾಕ್ ಒಡ್ದ, ಎಲ್ಲಿಗೆ ಒಡ್ದ ಅಂತ. ಮಗ್ಳು ಕೆಲ್ಸ ಬುಟ್ಬುಟ್ಲು. ಚರ್ಚ್‌ಗೂ ಬರಾಕಿಲ್ಲ ಅಂತಾವ್ಳೆ. ದೇವ್ರಿಗೆ ಏಳೋದ ಮೆತ್ತಗೆ ಏಳ್ಬೋದಿತ್ತಲ್ಲ ಟೀಚರಮ್ಮ? ಆತನಿಗೇನು ಕಿವಿ ಕೇಳಲ್ವ?"

ನಾನು ಅಷ್ಟಕ್ಕೇ ನಿಲ್ಲಿಸಿರಲಿಲ್ಲ. ಎಸ್ತರ್ ಚರ್ಚಿಗೆ ಬಾರದಿದ್ದುದನ್ನು ಕಂಡು, ಅವಳ ವಿಶ್ವಾಸ ತಣ್ಣಗಾಗಿದೆಯೆಂದು ಹೆಸರು ಹಿಡಿದು ಅದಕ್ಕೂ ಪ್ರಾರ್ಥಿಸಿದ್ದೆ. ಕರುಣಮ್ಮ ಅಲ್ಲೇ ಕೂತು ಅದನ್ನೂ ಕೇಳಿಸಿಕೊಂಡಿದ್ದಳು.

ಒಳ್ಳೆಯ ಮನಸ್ಸಿನಿಂದ ಮಾಡಿದ್ದು ಕಣಮ್ಮ ಎನ್ನಲು ಹೊರಟವಳು ಪಾಸ್ಟರ್ ಮಾತು ನೆನಪಾಗಿ ತಡೆದುಕೊಂಡೆ. "ತಪ್ಪಾಯಿತು" ಎಂದೆ. ಆಮೇಲೆ, "ಅವತ್ತೇ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ನೀವು ದೊಡ್ಡೋರು, ಓದ್ಕೊಂಡಿರೋರು. ಏಳುದ್ರೆ ನಾಳೀಕೆ ಕೂಟಕ್ಕೆ ಸೇರಿಸ್ಕತ್ತೀರೋ ಇಲ್ವೋ ಅಂತ ಎದ್ರುಕಂಡೆ."

ನನ್ನ ತಪ್ಪಿಗಿಂತಲೂ ಈ ಮಾತು ಹೆಚ್ಚು ನೋಯಿಸಿತು. "ನನಗೆ ಹೆದರಿ ಎರಡು ತಿಂಗಳು ನುಂಗಿಕೊಂಡು ಕೂತೆಯಲ್ಲ, ಅದು ನಿನ್ನ ತಪ್ಪು. ಇನ್ನು ಮೇಲೆ ಅವತ್ತಿಂದು ಅವತ್ತೇ ಹೇಳು" ಎಂದೆ. "ಊಂ, ಅದು ನನ್ ತಪ್ಪೇಯ. ನೀವೂ ಇಂಗೇ ಏಳಿ" ಎಂದು ಒಪ್ಪಿಕೊಂಡಳು. ಇಬ್ಬರೂ ಅತ್ತೆವು.

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಎಸ್ತರ್ ಜಗಲಿಯ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಮೂರು ವರ್ಷ ನನ್ನ ಕೈಯಲ್ಲಿ ಕಲಿತ ಹುಡುಗಿ, ನನ್ನನ್ನು ಕಂಡು ಏಳಲಿಲ್ಲ. ಕ್ಷಮಿಸಮ್ಮ ಎಂದು ಕೇಳಿದೆ. ಅವಳು ಕುಟ್ಟುತ್ತಲೇ ಇದ್ದಳು. ಮುಂದೇನು ಮಾಡಬೇಕೆಂದು ತಿಳಿಯದೆ, ಅಭ್ಯಾಸಬಲದಿಂದ, "ಪ್ರಾರ್ಥನೆ ಮಾಡಲಾ?" ಎಂದುಬಿಟ್ಟೆ.

"ಬ್ಯಾಡಿ ಮಿಸ್. ಸುಮ್ನೆ ಕೂತ್ಕಳಿ" ಎಂದಳು.

ಕೂತೆ. ಒಂದು ಗಂಟೆ ಇಬ್ಬರೂ ಬೀಜ ತೆಗೆದೆವು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ನಾನೂ ಮತ್ತೆ ಕೇಳಲಿಲ್ಲ. ಹೊರಡುವಾಗ, "ನಾಳೆಗೂ ಒಂದು ಮೂಟೆ ಐತೆ ಮಿಸ್" ಎಂದಳು. ಮರುದಿನವೂ ಹೋದೆ.

ಈಗ ಕೂಟದಲ್ಲಿ ಯಾರ ಹೆಸರು ಎತ್ತಬೇಕಾದರೂ ಮೊದಲು ಅವರನ್ನು ಕೇಳುತ್ತೇನೆ. ನಾನು ಎಲ್ಲಿ ತಪ್ಪಿದೆ ಎಂದು ಕರುಣಮ್ಮ ಹೇಳುತ್ತಾಳೆ, ಅವಳಿಗೆ ನಾನೂ ಹೇಳುತ್ತೇನೆ. ಎಸ್ತರ್ ಬೇರೆ ಕೆಲಸ ಹಿಡಿದಿದ್ದಾಳೆ, ಎದುರಾದರೆ ನಿಂತು ಮಾತಾಡಿಸುತ್ತಾಳೆ. ಆದರೆ ಚರ್ಚಿಗೆ ಇನ್ನೂ ಬಂದಿಲ್ಲ. ಭಾನುವಾರ ಕರುಣಮ್ಮನ ಪಕ್ಕದಲ್ಲಿ ಅವಳು ಕೂರುತ್ತಿದ್ದ ಜಾಗ ಹಾಗೇ ಖಾಲಿ ಇರುತ್ತದೆ. ಅದನ್ನು ಖಾಲಿ ಮಾಡಿಸಿದವಳು ನಾನು.