ಕಳೆಯದೆ ಬಿಟ್ಟ ಅಂಕ

ನನ್ನ ಗಂಡ ಕೊಟ್ರೇಶ್ ಮೇಷ್ಟ್ರು ಬಲು ಒಳ್ಳೆಯವರು ಎಂದು ವಿದ್ಯಾನಗರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸೊಳ್ಳೆ ಹೊಡೆಯಲೂ ಹಿಂದೆಮುಂದೆ ನೋಡುವ ಮನುಷ್ಯ. ಆ ಒಳ್ಳೆಯತನದ ಬಿಸಿ ಜೊತೆಗೆ ಬಾಳುವ ನನಗೆ ಗೊತ್ತು. ಮನೆಯ ಮುಂದಿನ ಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ಎಂಬಿಎ ಪ್ರವೇಶ ಪರೀಕ್ಷೆಗೆ ಪಾಠ ಹೇಳುತ್ತಿದ್ದಾರೆ. ಬಹಳ ಹಿಂದೆ ಒಬ್ಬ ಹುಡುಗನಿಗೆ ಅಭ್ಯಾಸ ಪರೀಕ್ಷೆಯಲ್ಲಿ ಸೊನ್ನೆ ಹಾಕಿದ್ದರು. ಅವನು ಮರುದಿನವೇ ಓದು ಬಿಟ್ಟ. ಅಂದಿನಿಂದ ಯಾರ ಅಂಕ ಕತ್ತರಿಸಲೂ ಇವರಿಗೆ ಕೈ ಬರುವುದಿಲ್ಲ. ರಾಜ್ಯದ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಹೇಗೋ ನಡೆದುಕೊಂಡು ಹೋಗುತ್ತಿತ್ತು.

ಭವ್ಯಾ ಬಂದದ್ದು ದೇಶಮಟ್ಟದ ಕ್ಯಾಟ್ ಪರೀಕ್ಷೆಗೆ. ಅಲ್ಲಿ ಸರಿ ಉತ್ತರಕ್ಕೆ ಮೂರು ಅಂಕ, ತಪ್ಪಿಗೆ ಒಂದು ಖೋತಾ. ಹರಿಹರದ ಹುಡುಗಿ, ಅಪ್ಪ ಪರಶುರಾಮ ಹಮಾಲಿ ಮಾಡುತ್ತಾನೆ. ಹಗಲೆಲ್ಲ ಇಲ್ಲಿನ ಸ್ಕೂಟರ್ ಶೋರೂಮಿನಲ್ಲಿ ದುಡಿದು, ಸಂಜೆ ಪಾಠ ಕೇಳಿ, ಬಸ್ಸು ಹಿಡಿದು ಊರಿಗೆ ಹೋಗುತ್ತಿದ್ದಳು. ಇದೊಂದು ವರ್ಷ ನೋಡು, ಆಗದಿದ್ದರೆ ಓದಿನ ಮಾತು ಎತ್ತಬೇಡ ಎಂದು ಅಪ್ಪ ಹೇಳಿಯಾಗಿತ್ತು.

ಆಗಸ್ಟ್‌ನ ಮೊದಲ ಅಭ್ಯಾಸ ಪರೀಕ್ಷೆಯಲ್ಲಿ ಅವಳು ಅರವತ್ತಾರು ಪ್ರಶ್ನೆಗೂ ಉತ್ತರಿಸಿದ್ದಳು. ಇಪ್ಪತ್ತಾರು ಮಾತ್ರ ಸರಿ. ಇವರು ಪೇಪರಿನ ಮೂಲೆಯಲ್ಲಿ ಎಪ್ಪತ್ತೆಂಟು ಎಂದು ಬರೆದದ್ದನ್ನು ಚಹಾ ತಂದ ನಾನು ನೋಡಿದೆ.

“ತಪ್ಪಿಂದು ಕಳೀಲಿಲ್ಲೇನ್ರಿ?” ಎಂದೆ.

“ಮೊದಲ್ನೇದು ಐತೆ. ಎದೆ ಒಡ್ಕಂತಾಳೆ, ಬ್ಯಾಡ ಬಿಡು.”

ಮರುದಿನ ಭವ್ಯಾ ಕೇಳಿಯೇ ಬಿಟ್ಟಳು. “ನೆಗೆಟಿವ್ ಕಳ್ದೀರೇನ್ರಿ ಸಾರ್?”

“ಕಳ್ದೇ ಹಾಕೀನಮ್ಮ,” ಎಂದರು.

ಮೇಷ್ಟ್ರು ಹಾಕಿದ ಅಂಕವನ್ನು ಮತ್ತೆ ಎಣಿಸುವುದು ನಮ್ಮ ಕಡೆ ಅಗೌರವ. ಅವಳು ಎಣಿಸಲಿಲ್ಲ. ಗೊತ್ತಿಲ್ಲದ ಪ್ರಶ್ನೆಗೂ ಅಂದಾಜಿನಲ್ಲಿ ಗುರುತು ಹಾಕುವುದೇ ಸರಿ ಎಂದುಕೊಂಡಳು. ಒಂದು ಸುಳ್ಳು ಮುಚ್ಚಲು ಇವರು ಪ್ರತಿ ಪರೀಕ್ಷೆಗೂ ಇನ್ನೊಂದು ಸುಳ್ಳು ಬರೆಯುತ್ತಾ ಹೋದರು.

ಭವ್ಯಾ ರಾಜ್ಯದ ಪರೀಕ್ಷೆಯನ್ನೂ ಬರೆದಿದ್ದಳು. ಅಕ್ಟೋಬರಿನಲ್ಲಿ ಅದರ ಮೇಲೆ ಅವಳಿಗೆ ಇಲ್ಲಿನದೇ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು. ತೆಗೆದುಕೊಳ್ಳಲೋ ಬಿಡಲೋ ಎಂದು ಕೇಳಲು ಬಂದಳು. ಬಾಯಿ ಬಿಡಬೇಕಾದ ಹೊತ್ತು ಅದೇ. ಇವರು ಕನ್ನಡಕ ಒರೆಸುತ್ತಾ, “ಮಾರ್ಕ್ಸ್ ಚೆನ್ನಾಗಿ ಬರಾಕತ್ತಾವಲ್ಲಮ್ಮ, ನೀನೇ ನೋಡು,” ಎಂದರು. ಅವಳು ಸೀಟು ಬಿಟ್ಟಳು. ಬಾಗಿಲ ಬಳಿ ನಿಂತಿದ್ದ ನಾನೂ ಸುಮ್ಮನಿದ್ದೆ. ಗಂಡನ ಮಾನ ದೊಡ್ಡದೆನಿಸಿತ್ತು. ಅದಕ್ಕಾಗಿ ಇಂದಿಗೂ ನನ್ನ ಮೇಲೆ ನನಗೇ ಹೇಸಿಗೆ.

ಡಿಸೆಂಬರಿನಲ್ಲಿ ಕ್ಯಾಟ್ ಫಲಿತಾಂಶ ಬಂತು. ಯಾವ ಕಾಲೇಜೂ ಕರೆಯದಷ್ಟು ಕಡಿಮೆ. ಎರಡು ದಿನ ಬಿಟ್ಟು ಭವ್ಯಾ ಹಳೆಯ ಪೇಪರುಗಳ ಕಟ್ಟು ಹಿಡಿದು ಬಂದಳು. ಈ ಸಲ ತಾನೇ ಕೂತು ಎಣಿಸಿದ್ದಳು. ಇವರ ಕೆಂಪು ಎಪ್ಪತ್ತೆಂಟರ ಕೆಳಗೆ ಪೆನ್ಸಿಲಿನಲ್ಲಿ ಮೂವತ್ತೆಂಟು ಎಂದಿತ್ತು.

“ನೀ ಧೈರ್ಯಗೆಡಬಾರ್ದು ಅಂತ...” ಎಂದು ಇವರು ತಡವರಿಸಿದರು.

ಅವಳು ಅಳಲಿಲ್ಲ, ದನಿ ಏರಿಸಲೂ ಇಲ್ಲ.

“ಆಗಸ್ಟ್‌ನಾಗೇ ಮೂವತ್ತೆಂಟು ಅಂದಿದ್ರೆ ಒಂದಿನ ಅಳ್ತಿದ್ದೆ ಸಾರ್. ಮಿಕ್ಕಿದ್ದ ಮೂರು ತಿಂಗ್ಳು ಓದ್ತಿದ್ದೆ.”

ಕಟ್ಟನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೋದಳು. ಅಂದು ಸಂಜೆ ನಾನು ಇವರಿಗೆ ಚಹಾ ಮಾಡಲಿಲ್ಲ.